ವೇದದಲ್ಲಿ ತ್ರಿಕೋನಾಸನ ಹುಡುಕುವವರಿಗೆ

ಯೋಗ ದಿನವಾದ ಜೂನ್ 21 ಹತ್ತಿರ ಬಂದಂತೆ ನನ್ನ ಮೇಜಿನ ಮೇಲೆ ಕಾಗದಗಳು ಜಾಸ್ತಿಯಾಗುತ್ತವೆ. ಊರು ಬೇರೆ, ಕೈಬರಹ ಬೇರೆ, ಪ್ರಶ್ನೆ ಮಾತ್ರ ಅದೇ ಏಳೆಂಟು. ಮೂವತ್ತು ವರ್ಷ ಯೋಗಸೂತ್ರವನ್ನೂ ಹಠಯೋಗದ ಗ್ರಂಥಗಳನ್ನೂ ಪಾಠ ಹೇಳಿದವಳು ನಾನು. ಈ ಪ್ರಶ್ನೆಗಳು ನನಗೆ ಬೇಸರ ತರಿಸುತ್ತವೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನನ್ನ ಸಿಟ್ಟೆಲ್ಲ ಓದುಗರ ತಲೆಗೆ ಸುಳ್ಳನ್ನು ಧೈರ್ಯವಾಗಿ ತುಂಬಿದವರ ಮೇಲೆ. ಯಮನಿಯಮಗಳ ಪಟ್ಟಿ, ಅಷ್ಟಾಂಗಗಳ ಹೆಸರು ಇಲ್ಲಿ ಕೊಡುವುದಿಲ್ಲ. ಅವು ಶಾಲೆಯ ಪಠ್ಯದಲ್ಲೇ ಸಿಗುತ್ತವೆ.

ನಮ್ಮ ಬಡಾವಣೆಯ ಯೋಗ ಶಿಕ್ಷಕರು ಎಲ್ಲ ಆಸನಗಳೂ ವೇದದಲ್ಲಿವೆ, ಹತ್ತು ಸಾವಿರ ವರ್ಷ ಹಳೆಯವು ಎನ್ನುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಮಗ, ‘ಅದೆಲ್ಲ 1930ರ ದಶಕದಲ್ಲಿ ಮೈಸೂರು ಅರಮನೆಯಲ್ಲಿ ಹುಟ್ಟಿದ ಕಸರತ್ತು, ಹಿಂದೂ ಧರ್ಮಕ್ಕೂ ಅದಕ್ಕೂ ಸಂಬಂಧವಿಲ್ಲ’ ಎನ್ನುತ್ತಾನೆ. ಯಾರ ಮಾತು ನಿಜ? (ನಿವೃತ್ತ ಮೇಷ್ಟರು, ದಾವಣಗೆರೆ)

ಮೇಷ್ಟರೇ, ಇಬ್ಬರದೂ ತಪ್ಪು. ಅದೂ ಒಂದೇ ತಪ್ಪು. ಯೋಗ ಎಂದರೆ ಆಸನ ಎಂದು ಇಬ್ಬರೂ ಮೊದಲೇ ಒಪ್ಪಿಕೊಂಡುಬಿಟ್ಟಿದ್ದಾರೆ. ಆಮೇಲೆ ಒಬ್ಬರು ಆಸನದ ವಯಸ್ಸನ್ನು ಎಳೆದೆಳೆದು ವೇದದವರೆಗೆ ಒಯ್ಯುತ್ತಾರೆ. ಇನ್ನೊಬ್ಬರು ಅದನ್ನು ಕತ್ತರಿಸಿ ಅರಮನೆಯ ಬಾಗಿಲಿಗೆ ತಂದು ನಿಲ್ಲಿಸುತ್ತಾರೆ.

ವೇದದಿಂದಲೇ ಶುರು ಮಾಡೋಣ. ಯೋಗ ಎಂಬ ಮಾತಿನ ಬೇರಾದ ‘ಯುಜ್’ ಧಾತು ಋಗ್ವೇದದಲ್ಲಿ ಧಾರಾಳವಾಗಿ ಬರುತ್ತದೆ. ಹೆಚ್ಚಾಗಿ ಬರುವುದು ಕುದುರೆ, ರಥಗಳ ಜೊತೆ. ನಮ್ಮ ಹಳ್ಳಿಗಳಲ್ಲಿ ಎತ್ತು ಹೂಡು, ಗಾಡಿ ಹೂಡು ಎನ್ನುತ್ತೇವಲ್ಲ, ಆ ಹೂಡುವಿಕೆ. ಯೋಗ ಎಂದರೆ ‘ಕೂಡುವುದು’ ಎಂದು ಬೋರ್ಡು ಬರೆಸಿದವರು ಒಂದಕ್ಷರ ತಿದ್ದಿ ‘ಹೂಡುವುದು’ ಎಂದು ಬರೆಸಿದ್ದರೆ ಈ ಪತ್ರಗಳಲ್ಲಿ ಅರ್ಧ ನನಗೆ ಬರುತ್ತಲೇ ಇರಲಿಲ್ಲ. ಐದನೇ ಮಂಡಲದ ಒಂದು ಸವಿತೃಸೂಕ್ತ (5.81) ‘ಯುಂಜತೇ ಮನ ಉತ ಯುಂಜತೇ ಧಿಯಃ’ ಎಂದು ತೊಡಗುತ್ತದೆ. ವಿಪ್ರರು ಮನಸ್ಸನ್ನು ಹೂಡುತ್ತಾರೆ, ಬುದ್ಧಿಯನ್ನು ಹೂಡುತ್ತಾರೆ ಎಂದರ್ಥ. ಲಾಯದ ಮಾತು ಮನಸ್ಸಿನೊಳಗೆ ಕಾಲಿಟ್ಟದ್ದು ಹೀಗೆ. ಹತ್ತನೇ ಮಂಡಲದಲ್ಲಿ (10.136) ಉದ್ದಗೂದಲಿನ ಕೇಶಿ ಬರುತ್ತಾನೆ. ಗಾಳಿಯ ಹಾದಿ ಹಿಡಿದು ಹೋಗುವ ಮುನಿ, ರುದ್ರನ ಜೊತೆ ವಿಷ ಕುಡಿಯುವವನು. ಅವನನ್ನು ಯೋಗಿಗಳ ಪೂರ್ವಜ ಎನ್ನುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಅವನು ಹೇಗೆ ಕುಳಿತಿದ್ದ, ಯಾವ ಕಾಲು ಎಲ್ಲಿಟ್ಟಿದ್ದ ಎಂದು ಸೂಕ್ತ ಹೇಳುವುದಿಲ್ಲ. ನಾಲ್ಕು ಸಂಹಿತೆಗಳನ್ನು ಜಾಲಾಡಿದರೂ ತ್ರಿಕೋನಾಸನ ಸಿಗುವುದಿಲ್ಲ. ನಿಮ್ಮ ಶಿಕ್ಷಕರನ್ನು ಮಂತ್ರದ ಸಂಖ್ಯೆ ಕೇಳಿ.

ಉಪನಿಷತ್ತಿಗೆ ಬಂದಾಗ ಹೂಡುವ ಮಾತು ಬಲಿಯುತ್ತದೆ. ಕಠೋಪನಿಷತ್ತಿನಲ್ಲಿ ಯಮ ನಚಿಕೇತನಿಗೆ ಹೇಳುವ ರಥದ ಚಿತ್ರ ಎಲ್ಲರಿಗೂ ಗೊತ್ತು. ದೇಹ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು. ಅದೇ ಉಪನಿಷತ್ತಿನ ಕೊನೆಯ ವಲ್ಲಿಯಲ್ಲಿ ಯೋಗಕ್ಕೆ ಲಕ್ಷಣವೂ ಇದೆ: ‘ತಾಂ ಯೋಗಮಿತಿ ಮನ್ಯಂತೇ ಸ್ಥಿರಾಮಿಂದ್ರಿಯಧಾರಣಾಮ್’. ಐದು ಇಂದ್ರಿಯಗಳೂ ಮನಸ್ಸಿನೊಡನೆ ನಿಂತು, ಬುದ್ಧಿಯೂ ಅಲುಗದೆ ನಿಂತ ಆ ಹಿಡಿತಕ್ಕೆ ಯೋಗ ಎನ್ನುತ್ತಾರೆ. ಅದರ ಬೆನ್ನಿಗೇ ಒಂದು ಎಚ್ಚರಿಕೆ: ಯೋಗ ಬರುವುದೂ ಉಂಟು, ಹೋಗುವುದೂ ಉಂಟು, ಆದ್ದರಿಂದ ಮೈಮರೆಯಬೇಡ. ಈ ಸಾಲು ಪಾಠ ಮಾಡುವಾಗ ಇಂದಿಗೂ ನನ್ನ ಗಂಟಲು ಕಟ್ಟುತ್ತದೆ. ಹುಡುಗನೊಬ್ಬ ಸಾವಿನ ಎದುರು ಕುಳಿತು, ಸತ್ತ ಮೇಲೆ ಏನು ಎಂದು ಕೇಳಿದ್ದಕ್ಕೆ ಬಂದ ಉತ್ತರ ಇದು. ಯೋಗದ ಬೇರು ಇಲ್ಲಿದೆ. ಸೊಂಟ ಸಣ್ಣಗಾಗಲಿ ಎಂದು ಹುಟ್ಟಿದ ವಿದ್ಯೆ ಇದಲ್ಲ.

ಕೂರುವ ಬಗೆ ಸ್ಪಷ್ಟವಾಗಿ ಸಿಗುವುದು ಶ್ವೇತಾಶ್ವತರ ಉಪನಿಷತ್ತಿನ ಎರಡನೇ ಅಧ್ಯಾಯದಲ್ಲಿ. ಎದೆ, ಕೊರಳು, ತಲೆ ಮೂರನ್ನೂ ನೆಟ್ಟಗಿಟ್ಟು ಕೂತುಕೋ ಎನ್ನುತ್ತದೆ. ಜಾಗ ಸಮತಟ್ಟಾಗಿರಲಿ, ಹರಳು, ಬೆಂಕಿ, ಮರಳು ಇಲ್ಲದಿರಲಿ, ಕಣ್ಣಿಗೆ ಹಿಂಸೆಯಾಗದಿರಲಿ, ಗಾಳಿ ಬಡಿಯದ ಕಡೆ ಇರಲಿ ಎನ್ನುತ್ತದೆ. ಮೈ ಹಗುರವಾಗುವುದು, ರೋಗವಿಲ್ಲದಿರುವುದು, ದನಿ ಇಂಪಾಗುವುದು ಇವೆಲ್ಲ ಯೋಗದ ‘ಮೊದಲ’ ಗುರುತು ಎಂದೂ ಹೇಳುತ್ತದೆ. ಮೊದಲ ಎಂಬ ಮಾತನ್ನು ಗಮನಿಸಿ. ಇಂದಿನ ಶಿಬಿರಗಳು ಕೊನೆಯ ಫಲ ಎಂದು ಮಾರುತ್ತಿರುವುದು ಇದನ್ನೇ. ಮೈತ್ರಿ ಉಪನಿಷತ್ತು ಯೋಗಕ್ಕೆ ಆರು ಅಂಗ ಹೇಳುತ್ತದೆ: ಪ್ರಾಣಾಯಾಮ, ಪ್ರತ್ಯಾಹಾರ, ಧ್ಯಾನ, ಧಾರಣಾ, ತರ್ಕ, ಸಮಾಧಿ. ಆಸನಕ್ಕೆ ಅಲ್ಲಿ ಜಾಗವೇ ಇಲ್ಲ, ತರ್ಕಕ್ಕೆ ಇದೆ.

ಇನ್ನು ಯೋಗಸೂತ್ರದ ಪತಂಜಲಿ. ಸುಮಾರು 195 ಸೂತ್ರಗಳಲ್ಲಿ ಆಸನಕ್ಕೆ ಮೀಸಲಾದವು ಮೂರು. ಕೂತದ್ದು ಅಲುಗದೆ ಇರಬೇಕು, ಸುಖವಾಗಿರಬೇಕು. ಪ್ರಯತ್ನದ ಬಿಗಿ ಸಡಿಲಬೇಕು, ಮನಸ್ಸು ಅನಂತದಲ್ಲಿ ನೆಲೆಸಬೇಕು. ಆಗ ಚಳಿ ಸೆಕೆಗಳು ಬಾಧಿಸವು. ಮುಗಿಯಿತು. ಆ ಸೂತ್ರಗಳ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯ ಪದ್ಮಾಸನ, ವೀರಾಸನ, ಭದ್ರಾಸನ, ಸ್ವಸ್ತಿಕ, ದಂಡಾಸನ ಎಂದು ಹನ್ನೊಂದು ಹೆಸರು ಕೊಡುತ್ತದೆ. ಅವೆಲ್ಲ ಅಲುಗದೆ ನೆಲೆಯಾಗಿ ಇರಲು ಹೇಳಿದ ಭಂಗಿಗಳು. ಆಸರೆ ಇಟ್ಟುಕೊಂಡು ಕೂರುವುದೂ ಒಂದಿದೆ, ‘ಸೋಪಾಶ್ರಯ’ ಎಂದು. ಮಂಡಿ ನೋವಿನ ಹಿರಿಯರು ದಿಂಬು ಬಳಸಲು ಸಂಕೋಚಪಡುತ್ತಾರೆ, ಶಾಸ್ತ್ರಕ್ಕೆ ಇಲ್ಲದ ಸಂಕೋಚ ನಿಮಗೇಕೆ?

ಹಾಗಾದರೆ ಮೈ ತಿರುಚುವ ಆಸನಗಳು ಬಂದದ್ದೆಲ್ಲಿಂದ? ಹಠಯೋಗದಿಂದ. ಅದು ಮುಖ್ಯವಾಗಿ ತಾಂತ್ರಿಕರು, ಶೈವರು, ನಾಥಸಿದ್ಧರು ಬೆಳೆಸಿದ ವಿದ್ಯೆ, ಸುಮಾರು 11ನೇ ಶತಮಾನದಿಂದ ಈಚೆಗೆ ಗ್ರಂಥಗಳಲ್ಲಿ ಕಾಣುತ್ತದೆ. ನಾಥರು ನಮಗೆ ಪರಕೀಯರಲ್ಲ, ಮಂಗಳೂರಿನ ಕದ್ರಿಯಲ್ಲಿ ಅವರ ಜೋಗಿಮಠ ಇಂದಿಗೂ ಇದೆ. 15ನೇ ಶತಮಾನದ ಹಠಪ್ರದೀಪಿಕೆಯಲ್ಲಿ ಸ್ವಾತ್ಮಾರಾಮ ವಿವರಿಸುವುದು 15 ಆಸನಗಳನ್ನು. ಮಯೂರಾಸನ ಇದೆ, ಧನುರಾಸನ ಇದೆ, ಶವಾಸನ ಇದೆ. ಸೂರ್ಯನಮಸ್ಕಾರ ಇಲ್ಲ. 19ನೇ ಶತಮಾನದ ವ್ಯಾಖ್ಯಾನಕಾರ ಬ್ರಹ್ಮಾನಂದನಂತೂ ಮೈಗೆ ಆಯಾಸ ಕೊಡುವುದರಿಂದ ಸಾಧಕರು ಬಿಡಬೇಕಾದ ಕೆಲಸಗಳ ಸಾಲಿನಲ್ಲಿ ಅತಿಯಾದ ಸೂರ್ಯನಮಸ್ಕಾರವನ್ನು, ಭಾರ ಹೊರುವುದರ ಜೊತೆಗೇ ಇಟ್ಟಿದ್ದಾನೆ. 108 ಹಾಕಿಸುವ ಸಂಘಗಳು ಇದನ್ನು ಒಮ್ಮೆ ಓದಲಿ.

ಈಗ ನಿಮ್ಮ ಮಗನ ಮಾತು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಬಣ್ಣದ ಚಿತ್ರಗಳಿವೆ. ಮುಮ್ಮಡಿಯವರು ತೀರಿಕೊಂಡದ್ದು 1868ರಲ್ಲಿ. ಅದಕ್ಕೂ ಮೊದಲಿನ ಹಠಾಭ್ಯಾಸಪದ್ಧತಿ 112 ಆಸನಗಳನ್ನು ಹೇಳುತ್ತದೆ, ಹಗ್ಗ ಹಿಡಿದು ಮಾಡುವವೂ ಅದರಲ್ಲಿವೆ. ಇನ್ನೂ ಹಿಂದಕ್ಕೆ ಹೋಗಬೇಕಾದರೆ ಗ್ರಂಥ ಬೇಡ, ಹಂಪಿಗೆ ಹೋಗಿ. ವಿಜಯನಗರ ಕಾಲದ ದೇವಸ್ಥಾನಗಳ ಕಂಬಗಳಲ್ಲಿ ಜಟೆ ಕಟ್ಟಿದ ಯೋಗಿಗಳು ಕೈ ಮೇಲೆ ಮೈ ತೂಗುತ್ತ, ಕಾಲನ್ನು ಕೊರಳ ಹಿಂದೆ ಹಾಕಿಕೊಂಡು ನಿಂತಿದ್ದಾರೆ. ಪ್ರವಾಸಿಗಳು ಸಂಗೀತದ ಕಂಬ ಹುಡುಕುತ್ತ ಅವರನ್ನು ದಾಟಿ ಹೋಗುತ್ತಾರೆ. 16ನೇ ಶತಮಾನದ ಕಲ್ಲಿನಲ್ಲಿ ಇದ್ದದ್ದು 1930ರಲ್ಲಿ ಹುಟ್ಟಲು ಸಾಧ್ಯವಿಲ್ಲ.

ಅರಮನೆಯಲ್ಲಿ ಹೊಸದೇನೂ ಆಗಲಿಲ್ಲವೇ? ಆಯಿತು. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸಿದರು. ಉಸಿರಿನ ಲೆಕ್ಕಕ್ಕೆ ಚಲನೆ ಜೋಡಿಸಿ, ಒಂದಾಸನದಿಂದ ಇನ್ನೊಂದಕ್ಕೆ ಹೋಗುವ ವಿನ್ಯಾಸಕ್ರಮ ಅಲ್ಲಿ ರೂಪ ಪಡೆಯಿತು. ಗರಡಿಮನೆಯ ಸಾಮು ಅದರಲ್ಲಿ ಬೆರೆಯಿತೆಂದು ವಿದ್ವಾಂಸರು ತೋರಿಸಿದ್ದಾರೆ, ನಾನೂ ಒಪ್ಪುತ್ತೇನೆ. ಅವರ ಯೋಗಮಕರಂದ 1934ರಲ್ಲಿ ಕನ್ನಡದಲ್ಲೇ ಪ್ರಕಟವಾಯಿತು. ಹಾಸನ ಕಡೆಯ ಪಟ್ಟಾಭಿ ಜೋಯಿಸರು, ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಅವರ ಶಿಷ್ಯರು. ನಿಮ್ಮ ಮಗ ಕ್ಯಾಲಿಫೋರ್ನಿಯಾದಲ್ಲಿ ನೋಡುತ್ತಿರುವ ಯೋಗದ ದೊಡ್ಡ ಪಾಲು ಈ ಮನೆಯಿಂದ ಹೊರಟದ್ದು ನಿಜ. ಆದರೆ ಕೃಷ್ಣಮಾಚಾರ್ಯರು ಕಸರತ್ತಿನ ಉಸ್ತಾದರಾಗಿರಲಿಲ್ಲ. ದರ್ಶನಗಳನ್ನು ಓದಿದ ಶ್ರೀವೈಷ್ಣವ ಪಂಡಿತರು, ಯೋಗಸೂತ್ರ ಪಾಠ ಹೇಳುತ್ತಿದ್ದವರು. ಅವರ ಆಸನಗಳನ್ನು ಇಟ್ಟುಕೊಂಡು ಅವರ ಪಾಠವನ್ನು ಬಿಟ್ಟವರು ಆಮೇಲಿನವರು.

ಮಗನಿಗೂ ಶಿಕ್ಷಕರಿಗೂ ನಾನು ತೋರಿಸಬೇಕೆಂದಿರುವುದು ಹಠಪ್ರದೀಪಿಕೆಯನ್ನೇ. ಆಸನ ಕಲಿಸುವ ಆ ಗ್ರಂಥವೇ ಎರಡನೇ ಶ್ಲೋಕದಲ್ಲಿ, ಹಠವಿದ್ಯೆಯನ್ನು ಉಪದೇಶಿಸುವುದು ರಾಜಯೋಗಕ್ಕಾಗಿ ಮಾತ್ರ ಎನ್ನುತ್ತದೆ. ನಾಲ್ಕನೇ ಅಧ್ಯಾಯದಲ್ಲಿ ಇನ್ನೂ ಕಠಿಣವಾಗಿ, ರಾಜಯೋಗ ತಿಳಿಯದೆ ಬರೀ ಹಠ ಮಾಡುವವರ ಶ್ರಮಕ್ಕೆ ಫಲವಿಲ್ಲ ಎನ್ನುತ್ತದೆ. ರಾಜಯೋಗ ಎಂದರೆ ಮನಸ್ಸು ನಿಲ್ಲುವುದು. ಕಠೋಪನಿಷತ್ತಿನ ಯಮ ಹೇಳಿದ್ದೂ ಅದನ್ನೇ, ಪತಂಜಲಿಯ ಎರಡನೇ ಸೂತ್ರವೂ ಅದನ್ನೇ. ಹಿಂದೂ ಪರಂಪರೆಯಲ್ಲಿ ಕಡಿಯದೆ ಬಂದ ಎಳೆ ಇದು. ಆಸನಗಳು ಆ ಎಳೆಗೆ ಕಾಲಕಾಲಕ್ಕೆ ಪೋಣಿಸಿದವು, ಕೆಲವು ಹಳೆಯವು, ಕೆಲವು ತೀರಾ ಈಚಿನವು. ಹೊಸತಾದ ಮಾತ್ರಕ್ಕೆ ಅವು ಕೀಳಲ್ಲ. ಹೊಸದಕ್ಕೆ ಹತ್ತು ಸಾವಿರ ವರ್ಷದ ಸುಳ್ಳು ವಯಸ್ಸು ಕಟ್ಟಿದರೆ, ಮಗನಂಥವರು ಆ ಸುಳ್ಳನ್ನು ಹಿಡಿದು ಉಪನಿಷತ್ತನ್ನೂ ತಳ್ಳಿಹಾಕುತ್ತಾರೆ. ನನಗೆ ನೋವಾಗುವುದು ಅಲ್ಲಿ.

ಕನ್ನಡದಲ್ಲಿ ಇದನ್ನು ಚಾಮರಸನ ಪ್ರಭುಲಿಂಗಲೀಲೆ ಒಂದು ಪ್ರಸಂಗದಲ್ಲಿ ಹೇಳಿ ಮುಗಿಸಿದೆ. ನಾಥಪಂಥದ ಗೋರಕ್ಷ ಸಾಧನೆಯಿಂದ ವಜ್ರದೇಹ ಪಡೆದವನು. ಅಲ್ಲಮ ಕತ್ತಿಯಿಂದ ಹೊಡೆದರೆ ಅವನ ಮೈ ಖಣಿಲ್ಲೆಂದಿತು, ಗಾಯವಾಗಲಿಲ್ಲ. ಬಳಿಕ ಗೋರಕ್ಷ ಅಲ್ಲಮನಿಗೆ ಕತ್ತಿ ಬೀಸಿದ. ಬಯಲಿನಲ್ಲಿ ಬೀಸಿದಂತೆ ಕತ್ತಿ ಹಾದುಹೋಯಿತು. ಸದ್ದು ಮಾಡುವ ಮೈ ಇನ್ನೂ ಮೈಯೇ ಎಂದು ಗೋರಕ್ಷನಿಗೆ ಆಗ ಅರಿವಾಯಿತು.

ಯೋಗ ಎಂದರೆ ಜೀವಾತ್ಮ ಪರಮಾತ್ಮರ ಸಂಯೋಗ ಎಂದು ಪತಂಜಲಿ ಹೇಳಿದ್ದಾರಲ್ಲವೇ? (ಶಿವಮೊಗ್ಗ)

ಹೇಳಿಲ್ಲ. ಆ ಲಕ್ಷಣ ಯೋಗಯಾಜ್ಞವಲ್ಕ್ಯ ಎಂಬ ಗ್ರಂಥದಲ್ಲಿದೆ, ಅಲ್ಲಿ ಅದು ಸರಿ. ಪತಂಜಲಿಯ ಗುರಿ ಕೈವಲ್ಯ, ಪುರುಷ (ಅರಿವಿನ ಆತ್ಮ) ಪ್ರಕೃತಿಯಿಂದ (ಜಡಜಗತ್ತಿನಿಂದ) ಬಿಡಿಸಿಕೊಳ್ಳುವುದು. ಅದಕ್ಕೇ ವ್ಯಾಸಭಾಷ್ಯ ಮೊದಲಲ್ಲೇ ‘ಯೋಗಃ ಸಮಾಧಿಃ’ ಎಂದು ಹೇಳುತ್ತದೆ. ಪಾಣಿನೀಯ ಧಾತುಪಾಠದಲ್ಲಿ ಒಂದಕ್ಕಿಂತ ಹೆಚ್ಚು ಯುಜ್ ಧಾತುಗಳಿವೆ, ಒಂದಕ್ಕೆ ಸೇರಿಸುವುದು, ಇನ್ನೊಂದಕ್ಕೆ ಸಮಾಧಿ ಎಂಬ ಅರ್ಥ. ಗೀತೆಯ ಆರನೇ ಅಧ್ಯಾಯವೂ ದುಃಖಸಂಯೋಗದ ವಿಯೋಗಕ್ಕೇ ಯೋಗವೆಂದು ಹೆಸರು ಕೊಡುತ್ತದೆ. ಭಾಷಣಕ್ಕೆ ಮೊದಲು ಪುಸ್ತಕ ತೆರೆಯುವ ಅಭ್ಯಾಸ ನಮ್ಮವರಿಗೆ ಬರಬೇಕು.

ವಾರಾಂತ್ಯದ ಶಿಬಿರವೊಂದರಲ್ಲಿ ಮೂರು ದಿನದಲ್ಲಿ ಕುಂಡಲಿನಿ ಜಾಗೃತಿ, ಏಳು ಚಕ್ರಗಳ ಶುದ್ಧಿ ಮಾಡಿಸುತ್ತಾರಂತೆ. ಶುಲ್ಕ ಹೆಚ್ಚು. ಸೇರಬಹುದೇ? (ಬೆಂಗಳೂರು)

ಬೇಡ. ಶುಲ್ಕ ಇಲ್ಲದಿದ್ದರೂ ಬೇಡ.

ಚಕ್ರಗಳ, ಅಂದರೆ ದೇಹದೊಳಗೆ ಧ್ಯಾನಿಸುವ ಕೇಂದ್ರಗಳ, ಸಂಖ್ಯೆ ತಂತ್ರಗ್ರಂಥಗಳಲ್ಲಿ ಒಂದೇ ಸಮನೆ ಇಲ್ಲ. ಐದು ಹೇಳುವವೂ ಇವೆ, ಆರು ಹೇಳುವವೂ ಇವೆ, ಒಂಬತ್ತು ಹೇಳುವವೂ ಇವೆ. ಪೂರ್ಣಾನಂದರ ಷಟ್‌ಚಕ್ರನಿರೂಪಣ 1577ರದ್ದು. 1919ರಲ್ಲಿ ಅದು ಇಂಗ್ಲಿಷಿಗೆ ಹೋದ ಮೇಲೆ ಆರು ಚಕ್ರ ಮತ್ತು ನೆತ್ತಿಯ ಸಹಸ್ರಾರದ ಲೆಕ್ಕವೇ ಜಗತ್ತಿಗೆಲ್ಲ ಹಬ್ಬಿತು. ಕೆಂಪಿನಿಂದ ನೇರಳೆಯವರೆಗೆ ಕಾಮನಬಿಲ್ಲಿನ ಬಣ್ಣ ಹಚ್ಚಿದ್ದು 20ನೇ ಶತಮಾನದ ಪಶ್ಚಿಮದವರು. ಆ ಚಿತ್ರಪಟವನ್ನು ಗೋಡೆಗೆ ಹಾಕಿ ಋಷಿಗಳು ಕಂಡದ್ದು ಎನ್ನುವವರು ತಂತ್ರದ ಒಂದು ಪುಟವನ್ನೂ ಓದಿಲ್ಲ ಎಂದು ತಿಳಿಯಿರಿ. ತಂತ್ರದಲ್ಲಿ ಈ ಸಾಧನೆ ದೀಕ್ಷೆ, ಮಂತ್ರ, ನ್ಯಾಸ, ದೇವತಾಧ್ಯಾನಗಳ ಜೊತೆ, ಗುರುವಿನ ಕಣ್ಣೆದುರಲ್ಲಿ ವರ್ಷಗಟ್ಟಲೆ ನಡೆಯುವಂಥದು. ಶುಕ್ರವಾರ ಸಂಜೆ ಸೇರಿ ಭಾನುವಾರ ಸರ್ಟಿಫಿಕೇಟು ತರುವಂಥದಲ್ಲ.

ನನ್ನ ಬಳಿ ಸೂತ್ರಪಾಠಕ್ಕೆ ಬರುತ್ತಿದ್ದ ಹುಡುಗನೊಬ್ಬ ಇಂಥದೇ ಒಂದು ಶಿಬಿರಕ್ಕೆ ಹೋಗಿ ಬಂದು, ಯಾರಿಗೂ ಹೇಳದೆ ದೀರ್ಘ ಕುಂಭಕ (ಉಸಿರು ಬಿಗಿಹಿಡಿಯುವುದು) ಅಭ್ಯಾಸ ಮಾಡಿದ. ನಿದ್ದೆ ಹೋಯಿತು, ಎದೆ ಹೊಡೆದುಕೊಳ್ಳತೊಡಗಿತು, ತನಗೇನೋ ಸಿದ್ಧಿಯಾಗುತ್ತಿದೆ ಎಂದು ಮಾತಾಡತೊಡಗಿದ. ಕಲಿಸಿದವರನ್ನು ಕೇಳಿದರೆ ‘ಶಕ್ತಿ ಏಳುತ್ತಿದೆ, ಮುಂದುವರಿಸು’ ಎಂದರಂತೆ. ಅವನ ತಾಯಿ ವೈದ್ಯರ ಹತ್ತಿರ ಕರೆದೊಯ್ದದ್ದರಿಂದ ಹುಡುಗ ಉಳಿದ, ಸರಿಹೋಗಲು ತಿಂಗಳುಗಳೇ ಬೇಕಾದವು. ಹಠಪ್ರದೀಪಿಕೆಯ ಎರಡನೇ ಅಧ್ಯಾಯ ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ಉಸಿರನ್ನು ಮೆಲ್ಲಮೆಲ್ಲಗೆ ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎನ್ನುತ್ತದೆ. ತಪ್ಪಾದ ಪ್ರಾಣಾಯಾಮದಿಂದ ಬರುವ ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆ ಕಿವಿ ಕಣ್ಣುಗಳ ನೋವನ್ನು ಹೆಸರಿಸಿಯೇ ಹೇಳುತ್ತದೆ. ಆ ಹುಡುಗನ ಮುಖ ನೋಡಿದ ಮೇಲೆ ನಾನು ಕುಂಭಕವನ್ನು ಪಾಠದಲ್ಲಿ ಅರ್ಥ ಹೇಳುತ್ತೇನೆಯೇ ಹೊರತು ಯಾರಿಗೂ ಮಾಡಿಸುವುದಿಲ್ಲ. ಅತಿಯಾದ ಭಯ ಎನ್ನುವ ಸಹೋದ್ಯೋಗಿಗಳಿದ್ದಾರೆ. ಇರಲಿ.

ಮೊಹೆಂಜೊದಾರೊ ಮುದ್ರೆಯಲ್ಲಿ ಕುಳಿತವನು ಯೋಗಮುದ್ರೆಯ ಶಿವನೇ ತಾನೆ? (ಕಲಬುರಗಿ)

1931ರಲ್ಲಿ ಪುರಾತತ್ತ್ವಜ್ಞ ಜಾನ್ ಮಾರ್ಷಲ್ ಹಾಗೆ ಊಹಿಸಿದರು. ಆ ಮುದ್ರೆಗಳ ಲಿಪಿಯನ್ನು ಒಪ್ಪುವಂತೆ ಯಾರೂ ಓದಿಲ್ಲ, ಅದರ ಮೇಲೆ ನಿಮ್ಮ ಶ್ರದ್ಧೆಯ ಗೋಡೆ ಕಟ್ಟಬೇಡಿ.

ಪತಂಜಲಿಯೇ ಯೋಗದ ಪಿತಾಮಹ ಅಲ್ಲವೇ? (ತುಮಕೂರು)

ಅಲ್ಲ. ‘ಅಥ ಯೋಗಾನುಶಾಸನಮ್’ ಎಂದು ಆತನೇ ಶುರು ಮಾಡುತ್ತಾನೆ. ಅನುಶಾಸನ ಎಂದರೆ ಮೊದಲೇ ಇದ್ದುದನ್ನು ಮತ್ತೆ ಹೇಳುವುದು ಎಂದು ವ್ಯಾಖ್ಯಾನಕಾರರು ಬಿಡಿಸಿದ್ದಾರೆ. ಮಹಾಭಾರತದ ಶಾಂತಿಪರ್ವ ಯೋಗವನ್ನು ಮೊದಲು ಬಲ್ಲವನು ಹಿರಣ್ಯಗರ್ಭ ಎನ್ನುತ್ತದೆ.

ಯೋಗ ಹಿಂದೂಗಳದೋ, ಬೌದ್ಧ ಜೈನರದೋ? ವಾಟ್ಸಾಪ್ ಗುಂಪಿನಲ್ಲಿ ದೊಡ್ಡ ಜಗಳವಾಗಿದೆ. (ಬೆಳಗಾವಿ)

ಜಗಳ ಬಿಟ್ಟು ಶ್ರವಣಬೆಳಗೊಳದ ಬೆಟ್ಟ ಹತ್ತಿ. ಗೊಮ್ಮಟ ನಿಂತಿರುವುದು ಕಾಯೋತ್ಸರ್ಗದಲ್ಲಿ, ಮೈಯನ್ನೇ ಬಿಟ್ಟುಕೊಟ್ಟ ನಿಲುವಿನಲ್ಲಿ. ಪತಂಜಲಿಯ ಐದು ಯಮಗಳೂ ಜೈನರ ಐದು ಮಹಾವ್ರತಗಳೂ ಒಂದೇ. ಬುದ್ಧ ಬೋಧಿಗೆ ಮೊದಲು ಆಳಾರ ಕಾಲಾಮ, ಉದ್ದಕ ರಾಮಪುತ್ತರ ಬಳಿ ಧ್ಯಾನ ಕಲಿತ. ಹಠಯೋಗದ ಬಂಧಗಳನ್ನು (ಉಸಿರಿನ ಜೊತೆ ಮೈಯ ಭಾಗಗಳನ್ನು ಬಿಗಿಹಿಡಿಯುವ ಕ್ರಮಗಳನ್ನು) ಮೊದಲು ಹೇಳುವ ಅಮೃತಸಿದ್ಧಿ ಎಂಬ ಗ್ರಂಥ ಬೌದ್ಧ ತಾಂತ್ರಿಕರ ನಡುವೆ ಹುಟ್ಟಿದ್ದು. ಅತ್ತ ಜೈನರ ತತ್ತ್ವಾರ್ಥಸೂತ್ರದಲ್ಲಿ ‘ಯೋಗ’ ಎಂದರೆ ಕಾಯ, ಮಾತು, ಮನಸ್ಸುಗಳ ಚಟುವಟಿಕೆ, ಕರ್ಮ ಒಳಗೆ ಹರಿದುಬರಲು ಅದೇ ದಾರಿ. ಇತ್ತ ಬ್ರಹ್ಮಸೂತ್ರ ‘ಏತೇನ ಯೋಗಃ ಪ್ರತ್ಯುಕ್ತಃ’ ಎಂದು ಯೋಗದರ್ಶನವನ್ನೇ ತಳ್ಳುತ್ತದೆ, ಶಂಕರರು ಅದಕ್ಕೆ ಭಾಷ್ಯ ಬರೆಯುತ್ತಾರೆ. ನಮ್ಮ ಹಿರಿಯರು ಹೀಗೆ ಕೊಟ್ಟು, ತೆಗೆದುಕೊಂಡು, ವಾದ ಮಾಡಿ ಬೆಳೆಸಿದ ವಿದ್ಯೆಗೆ ಖಾತೆ ಮಾಡಿಸಲು ಹೊರಡುವುದು ಅವರಿಗೆ ಮಾಡುವ ಅಗೌರವ.

ನಾನು ಕ್ರೈಸ್ತಳು. ಬೆನ್ನುನೋವಿಗೆ ಡಾಕ್ಟರು ಯೋಗ ಮಾಡಿ ಎಂದಿದ್ದಾರೆ. ಧರ್ಮಕ್ಕೆ ವಿರೋಧವಾದೀತೇ? (ಮಂಗಳೂರು)

ಬೆನ್ನಿಗೆ ಮಾಡುವ ವ್ಯಾಯಾಮವನ್ನು ನಿಶ್ಚಿಂತೆಯಿಂದ ಮಾಡಿ ತಾಯಿ. ಓಂ ಎನ್ನಲು ಮನಸ್ಸಿಲ್ಲದಿದ್ದರೆ ಎನ್ನಬೇಡಿ, ಒತ್ತಾಯಿಸುವ ಶಿಕ್ಷಕರನ್ನು ಬದಲಿಸಿ. ಆದರೆ ‘ಯೋಗಕ್ಕೂ ದೇವರಿಗೂ ಸಂಬಂಧವೇ ಇಲ್ಲ’ ಎಂದು ನಿಮ್ಮನ್ನು ಸಮಾಧಾನಪಡಿಸುವವರನ್ನೂ ನಂಬಬೇಡಿ. ಸೂತ್ರದಲ್ಲಿ ಈಶ್ವರ ಇದ್ದಾನೆ, ಅವನನ್ನು ಹೇಳುವ ಮಾತು ಪ್ರಣವ, ಅಂದರೆ ಓಂ, ಎಂದೂ ಇದೆ. ‘ಈಶ್ವರಪ್ರಣಿಧಾನಾದ್ವಾ’ (ಈಶ್ವರನಿಗೆ ಒಪ್ಪಿಸಿಕೊಳ್ಳುವುದರಿಂದಲೂ) ಎಂಬಲ್ಲಿಯ ಕೊನೆಯ ‘ವಾ’, ಇದೂ ಒಂದು ದಾರಿ ಎಂದು ಹೇಳುತ್ತದೆ. ಬೇರೆಯವರ ಪೂಜೆಯ ಮನೆಗೆ ಹೋದಾಗ ಹೇಗೋ ಹಾಗೆ, ಎಷ್ಟು ಒಳಗೆ ಹೋಗಬೇಕೆಂದು ನೀವೇ ತೀರ್ಮಾನಿಸಿ.

ಹೆಂಗಸರು ಓಂಕಾರ, ಪ್ರಾಣಾಯಾಮ ಮಾಡಬಾರದೆಂದು ನಮ್ಮ ಮನೆಯ ಹಿರಿಯರು ಹೇಳುತ್ತಾರೆ. (ಉಡುಪಿ)

ಯೋಗಯಾಜ್ಞವಲ್ಕ್ಯ ಇಡೀ ಗ್ರಂಥ ಯಾಜ್ಞವಲ್ಕ್ಯರು ಗಾರ್ಗಿಗೆ ಮಾಡಿದ ಉಪದೇಶ, ಅದರಲ್ಲಿ ಪ್ರಾಣಾಯಾಮ ಕೂಲಂಕಷವಾಗಿದೆ. ಹಿರಿಯರಿಗೆ ಓದಿ ಹೇಳಿ.

ಗ್ಲಾಕೋಮಾ ಇದೆ, ಶೀರ್ಷಾಸನ ಮಾಡಿದರೆ ಕಣ್ಣು ಚುರುಕಾಗುತ್ತದೆಯೇ? (ಹುಬ್ಬಳ್ಳಿ)

ಮಾಡಲೇಬೇಡಿ. ತಲೆಕೆಳಗಾದರೆ ಕಣ್ಣಿನ ಒತ್ತಡ ಏರುತ್ತದೆ. ಹೀಗೆ ಹೇಳಿಕೊಟ್ಟವರ ಹತ್ತಿರ ಇನ್ನು ಹೋಗಬೇಡಿ, ನಾಳೆಯೇ ಕಣ್ಣಿನ ಡಾಕ್ಟರನ್ನು ನೋಡಿ.

ಸಂಸ್ಕೃತ ಬಾರದು. ಮೂಲದಿಂದಲೇ ತಿಳಿಯಬೇಕೆಂಬ ಆಸೆ. ಎಲ್ಲಿಂದ ಆರಂಭಿಸಲಿ? (ಚಿಕ್ಕಮಗಳೂರು)

ಇಷ್ಟು ಕಾಗದಗಳ ನಡುವೆ ನಿಮ್ಮದನ್ನು ಎರಡು ಸಲ ಓದಿದೆ. ಯೋಗಸೂತ್ರದಿಂದ ಶುರು ಮಾಡಬೇಡಿ, ಭಾಷ್ಯವಿಲ್ಲದೆ ಅದು ಬಾಯಿ ಬಿಡುವುದಿಲ್ಲ. ಕನ್ನಡ ಅರ್ಥವಿರುವ ಕಠೋಪನಿಷತ್ತು ತೆಗೆದುಕೊಳ್ಳಿ, ದಿನಕ್ಕೆ ಎರಡು ಮಂತ್ರ ಸಾಕು. ಆಮೇಲೆ ಗೀತೆಯ ಆರನೇ ಅಧ್ಯಾಯ. ಅಲ್ಲಿ ಅರ್ಜುನ ‘ಮನಸ್ಸು ಗಾಳಿಯಂತೆ, ಇದನ್ನು ಹಿಡಿಯುವುದು ಹೇಗೆ’ ಎಂದು ಕೇಳುವ ಕಡೆ ನಿಂತು, ನಿಮಗೂ ಹಾಗೇ ಅನ್ನಿಸುತ್ತದೆಯೇ ನೋಡಿಕೊಳ್ಳಿ. ಅನ್ನಿಸಿದರೆ ಇನ್ನೊಂದು ಕಾಗದ ಬರೆಯಿರಿ, ಮುಂದಿನದನ್ನು ಹೇಳುತ್ತೇನೆ.